ಹಿಮದ ಮೇಲೆ ಕೆಂಪು ದಾರ

"ಕೆಂಪು ದಾರ ಒಂದೆಳೆ ಉಳಿದರೂ ಒಬ್ಬ ಹುಡುಗನ ಜೀವ ಹೋಗ್ತದೆ, ತಿಳೀತೇನ್ರೇ?" ಹೊಲಿಗೆ ಯಂತ್ರ ತುಳಿಯುತ್ತಲೇ ಮಾಂತಾ ಗದರಿದಳು. "ಅಲ್ಲಿ ನಮ್ಮವನೊಬ್ಬನಿಗೆ ರಷ್ಯದವರು ಹತ್ತು ಜನ. ನಮ್ಮ ಹುಡುಗರಿಗೆ ಬಚ್ಚಿಟ್ಟುಕೊಳ್ಳೋಕೆ ಇರೋದು ಹಿಮ ಒಂದೇ."

ಫಿನ್‌ಲ್ಯಾಂಡಿನ ಆ ಹಳ್ಳಿಯ ಶಾಲೆಯಲ್ಲಿ ಯುದ್ಧ ಶುರುವಾದ ಮೇಲೆ ಪಾಠವಿರಲಿಲ್ಲ. ಹೆಣ್ಣುಮಕ್ಕಳು ಮದುವೆಗೆಂದು ಪೆಟ್ಟಿಗೆಯಲ್ಲಿ ಕೂಡಿಟ್ಟಿದ್ದ ಬಿಳಿ ಹಾಸಿಗೆ ಬಟ್ಟೆಗಳೆಲ್ಲ ಅಲ್ಲಿ ಸೈನಿಕರು ಹಿಮದಲ್ಲಿ ಕಾಣದಂತೆ ತೊಡುವ ಮೇಲಂಗಿಗಳಾಗುತ್ತಿದ್ದವು. ಪ್ರತಿಯೊಂದರ ಮೂಲೆಯಲ್ಲೂ ಕೆಂಪು ದಾರದಲ್ಲಿ ಒಡತಿಯ ಹೆಸರಿನ ಮೊದಲಕ್ಷರ. ಅದನ್ನು ಬಿಚ್ಚುವ ಕೆಲಸ ಸೈಮಿಯದು.

ಬೆಳಿಗ್ಗೆ ಅವಳ ಕೈಗೆ ಅವಳದೇ ಬಟ್ಟೆ ಬಂದಿತ್ತು. ಮೂಲೆಯಲ್ಲಿ ಅವಳ ಅಕ್ಷರದ ಪಕ್ಕ ಇನ್ನೊಂದು, ತೌನೊನದು. ತೌನೊ ಗಡಿಯಲ್ಲಿದ್ದ. ಅವನು ಕೇಳಿರಲಿಲ್ಲ, ಇವಳು ಹೇಳಿರಲಿಲ್ಲ, ಹೊಲಿದಿಟ್ಟದ್ದಷ್ಟೇ. ಕತ್ತರಿ ಅಕ್ಷರದ ಮೇಲೆ ಬಂದು ನಿಂತುಬಿಟ್ಟಿತು. ಮಾಂತಾ ಬೇರೆ ಕಡೆ ತಿರುಗಿದಾಗ ಸೈಮಿ ಆ ಮೂಲೆಯನ್ನು ಒಳಕ್ಕೆ ಮಡಿಚಿ ಹೊಲಿಗೆ ಹಾಕಿದಳು. ಒಳಗಿದ್ದರೆ ಯಾರಿಗೆ ಕಾಣುತ್ತದೆ?

ಮಧ್ಯಾಹ್ನ ಯಲ್ಮಾರಿ ಅಜ್ಜನ ಕುದುರೆ ಎಳೆಯುವ ಜಾರುಬಂಡಿ ನಲವತ್ತು ಅಂಗಿ ಹೇರಿಕೊಂಡು ಗಡಿಯತ್ತ ಹೊರಟಿತು. ಅದು ತಿರುವು ದಾಟುವಷ್ಟರಲ್ಲಿ ಮಾಂತಾ ಒಗೆಯಲು ನೆನೆಸಿದ್ದ ಬಟ್ಟೆಯೊಂದನ್ನು ಎತ್ತಿ ಹಿಡಿದಳು. ಅದರ ಮೂಲೆಯಲ್ಲಿ ಅಂಗೈಯಗಲ ಕೆಂಪು ಕಲೆ. "ಸಂತೆ ದಾರದ ಹಣೆಬರಹ ನೋಡಿ! ನೀರು ಸೋಕಿದರೆ ಸಾಕು, ಬಣ್ಣ ಬಿಡ್ತದೆ."

ಹುಡುಗರು ದಿನವಿಡೀ ಹಿಮದ ಮೇಲೆ ಹೊಟ್ಟೆ ಅಡಿಯಾಗಿ ಮಲಗುತ್ತಾರೆ. ಮೈಶಾಖಕ್ಕೆ ಹಿಮ ಕರಗಿ ಅಂಗಿ ನೆನೆಯುತ್ತದೆ. ಸೈಮಿ ಯಾರಿಗೂ ಒಂದು ಮಾತು ಹೇಳದೆ ಹೊರಗೋಡಿ ಕಾಲಿಗೆ ಸ್ಕೀ ಬಿಗಿದಳು.

ಹೆಪ್ಪುಗಟ್ಟಿದ ಸರೋವರದ ನಡುವೆ ಬಂಡಿ ಸಿಕ್ಕಿತು.

"ಏನೇ ಹುಡುಗಿ, ಬೆನ್ನಿಗೆ ರಷ್ಯದವರು ಬಿದ್ದಿದ್ದಾರಾ?"

"ಗಂಟು ಬಿಚ್ಚಬೇಕು ಅಜ್ಜ. ಒಂದು ಅಂಗೀಲಿ ಕೆಂಪು ದಾರ ಇದೆ. ನಾನೇ... ಬೇಕಂತಲೇ ಬಿಟ್ಟಿದ್ದು."

"ಈ ಬಯಲಲ್ಲೇನೇ? ವಿಮಾನ ಬರೋ ಹೊತ್ತು ಕಣೇ ಇದು. ಕುದುರೆಗೆ ಹೊದಿಸಿರೋದು ಹಾಸಿಗೆ ಬಟ್ಟೆ, ಕಬ್ಬಿಣ ಅಲ್ಲ!"

ಅವಳು ಆಗಲೇ ಮೊದಲ ಗಂಟಿನ ಹಗ್ಗ ಎಳೆದಿದ್ದಳು. ಅದರಲ್ಲಿರಲಿಲ್ಲ. ಎರಡನೆಯದರಲ್ಲೂ ಇಲ್ಲ. ಪೂರ್ವದಲ್ಲಿ ಎಲ್ಲೋ ಗುಂಯ್‌ಗುಟ್ಟುವ ಸದ್ದು. ಅಜ್ಜ ಒಮ್ಮೆ ಆಕಾಶ ನೋಡಿದ, ಒಮ್ಮೆ ಅವಳನ್ನು ನೋಡಿದ, ಬೈಯುತ್ತಲೇ ಮೂರನೆಯ ಗಂಟು ತಾನೇ ಬಿಚ್ಚಿಕೊಟ್ಟ. ಮರಗಟ್ಟಿದ ಬೆರಳುಗಳಿಗೆ ಕೊನೆಗೂ ಆ ದಪ್ಪ ಮಡಿಕೆ ತಗುಲಿತು. ಕತ್ತರಿ ತರಲು ಮರೆತಿದ್ದಳು. ಹಲ್ಲಿನಿಂದಲೇ ಹೊಲಿಗೆ ಕಚ್ಚಿ, ದಾರ ಎಳೆದೆಳೆದು ಉಗಿದಳು.

"ಎರಡಕ್ಷರ," ಅಂದ ಅಜ್ಜ. "ಒಂದು ನಿನ್ನದು. ಇನ್ನೊಂದರ ಒಡೆಯನಿಗೆ ವಿಷಯ ಗೊತ್ತಾ?"

ಸೈಮಿ ತಲೆಯಾಡಿಸಿದಳು, ಇಲ್ಲವೆಂದು.

"ಅಂಗೀನ ಅವನಿಗೇ ಮುಟ್ಟಿಸಲಾ?"

ಅವಳು ಅಂಗಿ ಮಡಿಚಿ ಉಳಿದವುಗಳ ನಡುವೆ ಸೇರಿಸಿ ಗಂಟು ಬಿಗಿದಳು. "ಬೇಡ. ಮೊದಲು ಕೈಚಾಚಿದವನಿಗೆ ಕೊಡಜ್ಜ."

ಅಜ್ಜ ಲಗಾಮು ಜಗ್ಗಿದ. ಸೈಮಿ ದಡದ ಮರಗಳತ್ತ ಜೋರಾಗಿ ಜಾರಿದಳು. ಸದ್ದು ಹತ್ತಿರವಾಗುತ್ತಿತ್ತು. ಮರಗಳ ಅಡಿ ಸೇರಿ ತಿರುಗಿ ನೋಡಿದಳು. ಬಂಡಿ ಕಾಣಲಿಲ್ಲ, ಕುದುರೆ ಕಾಣಲಿಲ್ಲ. ಎಲ್ಲ ಬಿಳಿಯಲ್ಲಿ ಬಿಳಿಯಾಗಿ ಕರಗಿತ್ತು. ಸರೋವರದ ನಡುವೆ, ತಾನು ಮಂಡಿಯೂರಿದ್ದ ಜಾಗದಲ್ಲಿ, ಉಗಿದ ದಾರದ ಚೂರುಗಳು ಮಾತ್ರ ಅಷ್ಟು ದೂರಕ್ಕೂ ಕೆಂಪಗೆ ಕಾಣುತ್ತಿದ್ದವು.