ಚಿತ್ತೆ ಮಳೆಯ ಬ್ಲೇಜಾರ್

"ಈ ಅಂಕಿ ಹಿಡಿಸಲ್ಲ ಅಣ್ಣ," ಎಂದು ಮೆಹಬೂಬ್ ಪಾಷಾ ಫ್ಲೆಕ್ಸ್ ಮುದ್ರಿಸುವ ಯಂತ್ರವನ್ನು ನಿಲ್ಲಿಸಿದ. ತುಮಕೂರಿನಲ್ಲಿ ಆ ಯಂತ್ರ ನಿಂತರೆ ಗುಬ್ಬಿಯಲ್ಲಿ ಮಲಗಿದವರು 'ಏನಾಯ್ತಪ್ಪಾ' ಎಂದು ಎದ್ದು ಕೂರುತ್ತಾರೆ, ಅಷ್ಟು ಸದ್ದು ಅದರದು. ಫ್ಲೆಕ್ಸಿನ ಮೇಲರ್ಧ ಹೊರಗೆ ಬಂದಿತ್ತು. ಅದರಲ್ಲಿ ಆನೆ ಗಾತ್ರದ ಇಂಪನಾಳ ಮುಖ, ಪಕ್ಕದಲ್ಲಿ ಬೆಂಕಿ ಉಗುಳುವ ಕಪ್ಪುಕುಳಿ. ಕೆಳಗೆ ಬರಬೇಕಾದ ಸಾಲು ಮಾತ್ರ ಕಂಪ್ಯೂಟರ್ ಪರದೆಯ ಅಂಚು ದಾಟಿ ಓಡಿತ್ತು: 'ಮೂರು ಕೋಟಿ ಹದಿನೈದು ಲಕ್ಷ ಸೆಕೆಂಡಿಗೊಮ್ಮೆ ಭುಗಿಲೇಳುವ ಬ್ಲೇಜಾರ್ ಕಂಡುಹಿಡಿದ ಸಿ.ಎಸ್. ಪುರದ ಮುದ್ದಿನ ಮಗಳು!'

"ಹಿಡಿಸದಿದ್ರೆ ಫ್ಲೆಕ್ಸ್ ಉದ್ದ ಮಾಡು. ಕುಣಿಗಲ್ ತಂಕ ಎಳಿ, ಯಾರು ಬ್ಯಾಡ ಅಂತಾರೆ?" ಎಂದ ಇಂಪನಾಳ ಸೋದರಮಾವ ಅನಂತರಾಜು. ಅವನ ಎದೆ ಬೆಳಗಿನಿಂದ ಉಬ್ಬಿ ಉಬ್ಬಿ, ಅಂಗಿಯ ಗುಂಡಿಯೊಂದು ಹಾರಿ ಅಂತರಸನಹಳ್ಳಿ ಕಡೆಗೆ ಹೋಗಿತ್ತು. "ಬ್ಲೇಜಾರ್ ಅಂದ್ರೇನು ಅಂದ್ಕಂಡೆ ಪಾಷಾ? ಕೋಟಿ ಕೋಟಿ ವರ್ಷ ಬೆಳಕು ಓಡ್ಬೇಕು, ಅಷ್ಟು ದೂರ. ಅಲ್ಲೊಂದು ರಾಕ್ಷಸ ಕುಳಿ. ಅದು ಉಗುಳೋ ಬೆಂಕಿ ನೆಟ್ಟಗೆ ನಮ್ ಕಡೀಕೇ ಬರ್ತೈತೆ. ಆಕಾಶದಾಗಿರೋ ದೂರದರ್ಶಕ ಅದರ ಗಾಮಾ ಕಿರಣ ಹಿಡ್ದು ಕಳಿಸ್ತೈತೆ, ನಮ್ ಹುಡ್ಗಿ ಲೆಕ್ಕ ಹಾಕ್ತಾಳೆ. ಈ ವಾರ ಮತ್ತೆ ಭುಗಿಲೆದ್ದೈತೆ!"

"ಎಲ್ಲಾ ಸರಿ ಅಣ್ಣ. ಆ ಸೆಕೆಂಡನ್ನ ದಿನದಾಗೋ ತಿಂಗಳಾಗೋ ಹೇಳಿ, ಸಾಲು ಚಿಕ್ಕದಾಗ್ತದೆ."

ಮಾವನ ಪಕ್ಕದಲ್ಲೇ ನಿಂತಿದ್ದ ಇಂಪನಾ ನಕ್ಕು ಮೊಬೈಲ್ ತೆಗೆದಳು. ಆ ದೂರದರ್ಶಕದ ಗಡಿಯಾರಕ್ಕೆ ದಿನ, ತಿಂಗಳು ಗೊತ್ತಿಲ್ಲ. ಹಾರಿದಂದಿನಿಂದ ಸೆಕೆಂಡುಗಳನ್ನೇ ಎಣಿಸುತ್ತದೆ. ಅವಳೂ ಕಾಲೇಜಿನ ಪ್ರಾಜೆಕ್ಟಿನ ಉದ್ದಕ್ಕೂ ಸೆಕೆಂಡಿನಲ್ಲೇ ಉಂಡು ಸೆಕೆಂಡಿನಲ್ಲೇ ಮಲಗಿದ್ದಳು. ಭಾಗಿಸಿದಳು. ನಗು ನಿಂತಿತು.

"ಒಂದು ವರ್ಷ," ಎಂದಳು.

"ಆಹಾ! ಅಷ್ಟು ದೂರದಾಗಿದ್ರೂ ನಮ್ ಯುಗಾದಿ ಲೆಕ್ಕ ತಪ್ಪಿಲ್ಲ ನೋಡ್ಲಾ ಪಾಷಾ!"

"ಅದಕ್ಯಾಕೆ ಮಾಮ ನಮ್ ಯುಗಾದಿ?" ಅವಳ ಮುಖದಿಂದ ರಕ್ತವೆಲ್ಲ ಪಾದಕ್ಕಿಳಿದು, ಚಪ್ಪಲಿಯೇ ಕೆಂಪಾಯಿತೇನೋ. "ವರ್ಷ ಅನ್ನೋದು ನಮ್ ಭೂಮಿದು. ಆ ಕುಳಿಗೂ ಇದಕ್ಕೂ ಏನು ಸಂಬಂಧ? ಮಾಮ, ಈಗ ಯಾವ ಮಳೆ ನಡೀತಿರೋದು?"

"ಚಿತ್ತೆ. ಹನಿ ಮಾತ್ರ ಇಲ್ಲ."

"ಚಿತ್ತೆ ಅಂತ ಯಾಕಂತೀವಿ?"

"ಸೂರ್ಯ ಚಿತ್ತಾ ನಕ್ಷತ್ರಕ್ಕೆ ಬಂದವ್ನೆ, ಅದಕ್ಕೆ. ಇದೇನು ಕೇಳ್ತಿಯೇ, ಹೊಟ್ಟೇಲಿರೋ ಮಗೀಗೂ ಗೊತ್ತು."

"ನನ್ ಬ್ಲೇಜಾರ್ ಇರೋದೂ ಚಿತ್ತೆ ಪಕ್ಕದಲ್ಲೇ," ಎಂದಳು ಇಂಪನಾ. ಧ್ವನಿ ಇರುವೆಯದಕ್ಕಿಂತ ಸಣ್ಣಗಿತ್ತು. "ಸೂರ್ಯನಿಂದಲೂ ಗಾಮಾ ಕಿರಣ ಬರ್ತದೆ ಮಾಮ. ವರ್ಷಕ್ಕೊಮ್ಮೆ ಅವನು ಅದರ ಮುಂದೆ ಹಾದುಹೋಗೋ ದಿನಗಳನ್ನ ಲೆಕ್ಕದಿಂದ ತೆಗೀಬೇಕಿತ್ತು. ನಾನು ತೆಗೆದಿಲ್ಲ. ಭುಗಿಲೆದ್ದಿದ್ದು ಕುಳಿ ಅಲ್ಲ. ಸೂರ್ಯ."

ಅಂಗಡಿಯಲ್ಲಿ ಎಂಥ ಮೌನವೆಂದರೆ, ಕ್ಯಾತ್ಸಂದ್ರದ ಹೋಟೆಲಿನಲ್ಲಿ ಯಾರೋ ತಟ್ಟೆ ಇಡ್ಲಿ ಮುರಿದದ್ದು ಕೇಳಿಸಿತು. ಪಾಷಾ ಪರದೆಯನ್ನೂ ಬಾಗಿಲಾಚೆಯ ಬಿಸಿಲನ್ನೂ ಒಂದಾದ ಮೇಲೊಂದು ನೋಡಿದ.

"ನಿಮ್ ಮೇಷ್ಟ್ರಿಗೆ ಗೊತ್ತಾ?" ಮಾವ ಕೊನೆಗೆ ಪಿಸುಗುಟ್ಟಿದ.

"ಇಲ್ಲ."

"ಹಂಗಾದ್ರೆ ಬುಡು! ನಾಳೆ ಕಾಲೇಜಲ್ಲಿ ಪ್ರಬಂಧ ಓದಿ ಚಪ್ಪಾಳೆ ಹೊಡಿಸ್ಕಂಡು ಬಾ. ಬಸ್ ಮಾಡಿವ್ನಿ ಕಣವ್ವ, ಅರ್ಧ ಊರೇ ಬತ್ತೈತೆ. ಸೂರ್ಯ ಬಂದು ಸಾಕ್ಷಿ ಹೇಳ್ತಾನಾ?"

"ವರ್ಷಾ ವರ್ಷಾ ಹೇಳ್ತಾನೇ ಇದಾನೆ ಮಾಮ," ಎಂದು ಅವಳು ಮೇಷ್ಟರಿಗೆ ಫೋನು ಹಚ್ಚಿದಳು. "ಸರ್, ನಾಳೆ ನಾನು ಓದಲ್ಲ. ತಪ್ಪಾಗಿದೆ... ಇಲ್ಲ ಸರ್, ಸಣ್ಣ ತಪ್ಪಲ್ಲ. ಇಡೀ ಸೂರ್ಯನಷ್ಟು."

ಪಾಷಾ ಅರ್ಧ ಫ್ಲೆಕ್ಸನ್ನು ಕತ್ತರಿಸಿ ಕೊಟ್ಟ. ಹೊರಗೆ ತೆಂಗಿನಕಾಯಿ ಮರದಲ್ಲೇ ಕೊಬ್ಬರಿಯಾಗುವಂಥ ಬಿಸಿಲು. ಮಾವ ಬೈಯಲಿಲ್ಲ. ಫ್ಲೆಕ್ಸನ್ನು ಬಿಡಿಸಿ ಇಬ್ಬರ ತಲೆಯ ಮೇಲೂ ಚಪ್ಪರದಂತೆ ಎತ್ತಿ ಹಿಡಿದ. "ಬಾರವ್ವ, ಬಿಸ್ಲು."

ಇಂಪನಾ ತಲೆ ಎತ್ತಿದಳು. ಸೂರ್ಯ ಸರಿಯಾಗಿ ಫ್ಲೆಕ್ಸಿನ ಆ ಬದಿಗೆ ಬಂದು ನಿಂತಿದ್ದ. ಈ ಬದಿಯಲ್ಲಿ ಅವಳ ಕಪ್ಪುಕುಳಿ ಧಗಧಗ ಉರಿಯುತ್ತಿತ್ತು.