ಸಡಿಲ ಪಟ್ಟಿ

ಪಂಜರದೊಳಗೆ ಹೊಡೆದಾಡುವ ಕೇಜ್ ಫೈಟಿನ ಫಲಿತಾಂಶವನ್ನು ಭವಿಷ್ಯ ನುಡಿಯುವ ಯಂತ್ರ ಬೆಳಿಗ್ಗೆಯೇ ಹೇಳಿಬಿಡುತ್ತದೆ. ಒಮ್ಮೆಯೂ ಸುಳ್ಳಾಗಿಲ್ಲ. ಆಮೇಲೆ ಸೋಲುವವನೇ ಗೆಲ್ಲುವವನ ಕೈಗೆ ಬಟ್ಟೆಯ ಪಟ್ಟಿ ಸುತ್ತಬೇಕು. ಅದು ಹುಬ್ಬಳ್ಳಿಯ ರಿವಾಜು.

ಅಡಿವೆಪ್ಪನ ಮುಂದೆ ಫಕೀರೇಶ ಮಂಡಿಯೂರಿ ಪಟ್ಟಿ ಸುತ್ತುತ್ತಿದ್ದ. ಗೋಡೆಯ ಪರದೆಯ ಮೇಲೆ ಫಲಿತಾಂಶವಿತ್ತು: ಎರಡನೇ ಸುತ್ತಿನಲ್ಲಿ ಅಡಿವೆಪ್ಪನ ಬಲಗೈ ಏಟು, ಫಕೀರೇಶನ ಸಾವು.

"ನಾ ಒಲ್ಲೆ. ಓಡಿಹೋಗು ತಮ್ಮಾ," ಎಂದ ಅಡಿವೆಪ್ಪ.

"ಹೊರಗ ಕೀಲಿ ಹಾಕ್ಯಾರ್ರೀ ಅಣ್ಣಾ."

"ಹಂಗಾರ ನಾ ಕೈ ಎತ್ತೂದ ಇಲ್ಲ."

"ಹೋದ ಸಲ ಗೆದ್ದಾವನೂ ಹಿಂಗ ಅಂದಿದ್ದ. ಮೈಮ್ಯಾಲೆ ಏಟು ಬಿದ್ದಕೂಡ್ಲೆ ಕೈ ತಾನ ಎದ್ದಿತು."

ಅಡಿವೆಪ್ಪ ಕೈ ಹಿಂದಕ್ಕೆಳೆಯಲು ನೋಡಿದ. "ಪಟ್ಟೀನರ ಸಡಿಲ ಕಟ್ಟೋ. ಏಟಿಗೆ ಜೋರು ಇರಬಾರದು."

ಫಕೀರೇಶ ಇನ್ನೊಂದು ಸುತ್ತು ಎಳೆದು ಬಿಗಿದ. "ಸಡಿಲಾದರ ನಿಮ್ಮ ಬೆರಳು ಮುರೀತಾವ್ರೀ."