ಗೋಡೆಯೊಳಗಿನ ದಾರ

ಕಾಂಕ್ರೀಟಿಗೆ ಅಚ್ಚಾಗಿ ಕಟ್ಟಿದ್ದ ಹಲಗೆ ಬಿಚ್ಚಿದ ಕೂಡಲೇ ಇಲಿಂಕಾಳ ಕಣ್ಣಿಗೆ ಬಿದ್ದದ್ದು ಆ ಗೆರೆ. ಬಲಿಪೀಠದ ಹಿಂದಿನ ಕಾಂಕ್ರೀಟ್ ಗೋಡೆಯಲ್ಲಿ, ನೆಲದಿಂದ ಆಳೆತ್ತರಕ್ಕೆ, ಒಂದು ದಾರ ಅಚ್ಚೊತ್ತಿ ಕೂತಿತ್ತು. ವಿಶ್ವವಿದ್ಯಾಲಯದ ಈ ಪ್ರಾರ್ಥನಾ ಮಂದಿರದ ನಕ್ಷೆ ಬರೆಯಲು ಅವಳು ಮೂರು ವರ್ಷ ಸವೆಸಿದ್ದಳು. ಗೋಡೆಗೂ ಚಾವಣಿಗೂ ನಡುವೆ ಸುತ್ತಲೂ ಬರೀ ಗಾಜು. ಬೆಳಕು ಎಲ್ಲ ಕಡೆಯಿಂದಲೂ ಇಳಿಯಬೇಕು, ದೇವರ ಮುಂದೆ ಯಾರ ನೆರಳೂ ಬೀಳಬಾರದು. ಗೋಡೆಯ ಮೇಲೂ ಒಂದು ಗೀರು ಇರಕೂಡದು ಎಂದು ಹಟ ಹಿಡಿದಿದ್ದಳು.

"ಗವ್ರಿಲ ಮೇಸ್ತ್ರಿ, ಇದೇನಿದು?"

ಎಪ್ಪತ್ತು ದಾಟಿದ ಮೇಸ್ತ್ರಿ ಟೋಪಿ ತೆಗೆದು ತಲೆ ಕೆರೆದುಕೊಂಡ. "ನೆರಳು ಕಣಮ್ಮಾ. ಅಳೆದು ಹಾಕಿದ್ದೆ. ಒಳಗಡೆ ಇರಬೇಕಿತ್ತು, ಕಾಂಕ್ರೀಟ್ ಸುರಿಯೋವಾಗ ಹಲಗೆ ಕಡೆ ಬಂದ್ಬಿಟ್ಟಿದೆ."

ಇಲಿಂಕಾ ಗೋಡೆಯಿಂದ ಒಂದು ಹೆಜ್ಜೆ ಹಿಂದೆ ಸರಿದಳು. ಮರಮುರೇಶ್ ಸೀಮೆಯಲ್ಲಿದ್ದ ಅವಳ ಅಜ್ಜಿ ಹೇಳುತ್ತಿದ್ದಳು: ಕಟ್ಟಡ ನಿಲ್ಲಬೇಕಾದರೆ ಒಬ್ಬರ ನೆರಳನ್ನು ದಾರದಲ್ಲಿ ಅಳೆದು ಗೋಡೆಗೆ ಸೇರಿಸಬೇಕು, ಆ ನೆರಳಿನವರು ನಲವತ್ತು ದಿನದೊಳಗೆ ಸಾಯುತ್ತಾರೆ. ಕಾಂಕ್ರೀಟ್ ಸುರಿದ ದಿನ ಬೆಳಿಗ್ಗೆಯಿಂದ ಬಿಸಿಲಲ್ಲಿ ನಿಂತಿದ್ದವಳು ಅವಳೇ. ಇದನ್ನೆಲ್ಲ ನಂಬುವ ಹೆಣ್ಣಲ್ಲ ಅವಳು. ಆದರೂ ಬೆರಳುಗಳು ತಾವಾಗಿ ದಿನ ಎಣಿಸಿದವು, ಲೆಕ್ಕ ತಪ್ಪಿ ಮತ್ತೆ ಮೊದಲಿಂದ ಎಣಿಸಿದವು.

"ಯಾರದ್ದು?"

"ಇನ್ನೊಬ್ಬರದ್ದು ಕದಿಯೋಕೆ ನಾನೇನು ಕಳ್ಳನಾ? ನಂದೇ."

"ನಿಮಗೇನು ತಲೆ ಕೆಟ್ಟಿತ್ತಾ, ಮೇಸ್ತ್ರಿ!"

"ನಿಮ್ಮ ಚಾವಣಿ ನೋಡಿ ಕೆಟ್ಟಿತು. ಅಷ್ಟು ಭಾರ ಗಾಜಿನ ಮೇಲೆ ಕೂತಂಗಿದೆ. ನಾಳೆ ಅದರಡಿ ಓದೋ ಮಕ್ಕಳು ಬಂದು ಕೂರ್ತಾರಲ್ಲ, ಭಯ ಆಯ್ತು." ಗವ್ರಿಲ ಕಿಸಕ್ಕನೆ ನಕ್ಕ. "ಮೊನ್ನೆ ಭಾನುವಾರಕ್ಕೆ ನಲವತ್ತು ಮುಗೀತು. ಸೋಮವಾರ ಎದ್ದು ನೋಡ್ತೀನಿ, ಇದ್ದೀನಿ! ನನ್ನ ತಿಥಿಗೆ ಅಂತ ಹೆಂಡ್ತಿ ಗೋಧಿ ನೆನೆಹಾಕಿದ್ಲು. ಹಾಳಾಗೋದ್ಯಾಕೆ ಅಂತ ಸಕ್ಕರೆ, ವಾಲ್‌ನಟ್ ಹಾಕಿ ಬೇಯಿಸಿ ನಾವೇ ತಿಂದ್ವಿ."

ಇಲಿಂಕಾಳಿಗೆ ನಗುವೂ ಬಂತು, ಕಣ್ಣಲ್ಲಿ ನೀರೂ ಬಂತು. ಮುದುಕನ ಮೇಲೆ ಇನ್ನಿಲ್ಲದ ಅಕ್ಕರೆ ಹುಟ್ಟಿತು.

"ಆಯ್ತು ಬಿಡಿ, ನಾಳೆ ಉಜ್ಜಿ ತೆಗೆಸ್ತೀನಿ," ಎಂದ ಗವ್ರಿಲ.

"ಮುಟ್ಟಿದ್ರೆ ನೋಡಿ! ಅದು ಅಲ್ಲೇ ಇರಲಿ."

ಅಷ್ಟರಲ್ಲಿ ಮೋಡ ಸರಿದು ಬಿಸಿಲು ಬಂತು. ಅವಳು ನಕ್ಷೆಯಲ್ಲಿ ಬರೆದಿದ್ದಂತೆಯೇ ಬೆಳಕು ನಾಲ್ಕೂ ಕಡೆಯಿಂದ ಇಳಿಯಿತು. ಗವ್ರಿಲ ಕಾಲೆತ್ತಿ ಕೆಳಗೆ ತನ್ನ ನೆರಳು ಹುಡುಕಿದ. ಆಮೇಲೆ ಅವಳ ಕಾಲ ಬುಡವನ್ನೂ ನೋಡಿದ.

"ನಂದು ಗೋಡೇಲಿದೆ, ಗೊತ್ತು. ನಿಮ್ಮದೆಲ್ಲಿ ಹೋಯ್ತಮ್ಮಾ?"